ದೆಹಲಿಗೆ ಎರಡು ದಿನ: ಏನು ನೋಡಬೇಕು, ಎಲ್ಲಿ ನಿಂತು ಯೋಚಿಸಬಾರದು

ಮೊದಲ ಸಲ ದೆಹಲಿಗೆ ಹೋದಾಗ ನಾನು ರೈಲ್ವೆ ಸ್ಟೇಷನ್ನಿನ ಹೊರಗೆ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದೆ. ಯಾವ ಕಡೆ ಹೋಗಬೇಕು ಅಂತ ಗೊತ್ತಿರಲಿಲ್ಲ. ಎರಡು ನಿಮಿಷ ಆಗಿರಬಹುದು, ಅಷ್ಟೇ. ಇಸ್ತ್ರಿ ಮಾಡಿದ ಬಿಳಿ ಶರಟಿನ ಒಬ್ಬರು ಹತ್ತಿರ ಬಂದು, ತುಂಬ ಮರ್ಯಾದೆಯಿಂದ, ಯಾವ ಹೋಟೆಲ್ ಎಂದು ಕೇಳಿದರು. ಹೆಸರು ಹೇಳಿದೆ. ‘ಅದು ಮುಚ್ಚಿದೆ, ಆ ರಸ್ತೆಯಲ್ಲಿ ಗಲಾಟೆ ಆಗಿದೆ’ ಎಂದರು. ಅರ್ಧ ಗಂಟೆಯೊಳಗೆ ನಾನು ಬೇರೆ ಹೋಟೆಲ್ಲಿನಲ್ಲಿ ಎರಡರಷ್ಟು ಬಾಡಿಗೆ ಕೊಟ್ಟು ಕೂತಿದ್ದೆ. ಮಾರನೇ ದಿನ ಹೋಗಿ ನೋಡಿದರೆ ನಾನು ಬುಕ್ ಮಾಡಿದ್ದ ಹೋಟೆಲ್ ತೆರೆದೇ ಇತ್ತು. ಆ ರಸ್ತೆಯಲ್ಲಿ ಗಲಾಟೆಯೂ ಇಲ್ಲ, ಏನೂ ಇಲ್ಲ.

ಆಮೇಲೆ ಐದಾರು ಸಲ ಹೋಗಿದ್ದೇನೆ. ಒಮ್ಮೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ನನಗೆ ಅರ್ಥವಾದದ್ದು ಇಷ್ಟು: ದೆಹಲಿಯಲ್ಲಿ ಹೊಸಬರಿಗೆ ಟೋಪಿ ಬೀಳುವುದು ‘ಮುಂದೇನು’ ಅಂತ ಯೋಚಿಸುತ್ತಾ ನಿಂತ ಜಾಗದಲ್ಲಿ. ಸ್ಟೇಷನ್ ಬಾಗಿಲು, ಮೆಟ್ರೊ ಮೆಟ್ಟಿಲು, ಸ್ಮಾರಕದ ಟಿಕೆಟ್ ಕೌಂಟರ್. ಆ ಜಾಗಗಳಿಗೆ ಬೇಕಾದ ಉತ್ತರವನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಹೊರಟರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಈ ಲೇಖನ ಆ ಉತ್ತರಗಳಿಗಾಗಿಯೇ.

ಮೊದಲು ದಿನ ಗೊತ್ತು ಮಾಡಿ, ಆಮೇಲೆ ಟಿಕೆಟ್

ಫೆಬ್ರವರಿ ಮತ್ತು ಮಾರ್ಚ್ ಮೊದಲ ಭಾಗ ನನ್ನ ಆಯ್ಕೆ. ಚಳಿ ಇಳಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ಅಕ್ಟೋಬರ್ ಕೂಡ ಪರವಾಗಿಲ್ಲ. ನವೆಂಬರ್‌ನಲ್ಲಿ ಹೊಗೆ. ಉಬ್ಬಸ ಇರುವವರು, ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಆ ತಿಂಗಳು ದಯವಿಟ್ಟು ಬೇಡ. ಹೋಗಲೇಬೇಕಾಗಿ ಬಂದರೆ ಎನ್-95 ಮಾಸ್ಕ್ ಇಟ್ಟುಕೊಳ್ಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಗಾಳಿ ಹೇಗಿದೆ ಅಂತ ದಿನಾ ಬೆಳಗ್ಗೆ ನೋಡಬಹುದು.

ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಮಂಜು. ರೈಲು ಗಂಟೆಗಟ್ಟಲೆ ತಡವಾಗುತ್ತದೆ, ಬೆಳಗಿನ ವಿಮಾನಗಳು ನಿಂತೇ ಇರುತ್ತವೆ. ಆ ದಿನಗಳಲ್ಲಿ ಹೋಗುವವರು ಮಧ್ಯಾಹ್ನದ ವಿಮಾನ ಹಿಡಿಯಿರಿ. ಇನ್ನೊಂದು ಮಾತು, ನಮ್ಮ ಕಡೆಯ ತೆಳು ಸ್ವೆಟರ್ ಅಲ್ಲಿ ಸಾಲುವುದಿಲ್ಲ. ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತದೆ. ಕಿವಿ ಮುಚ್ಚುವ ಟೋಪಿ, ದಪ್ಪ ಸಾಕ್ಸ್ ಬೇಕು. ಮೇ, ಜೂನ್‌ನಲ್ಲಿ ಬಿಸಿಲು 45 ಡಿಗ್ರಿವರೆಗೂ ಹೋಗುತ್ತದೆ. ಕಲ್ಲು ಹಾಸಿದ ಅಂಗಳಗಳಲ್ಲಿ ಓಡಾಡುವ ಪ್ರವಾಸಕ್ಕೆ ಅದು ಕಾಲವಲ್ಲ.

ಇನ್ನು ವಾರದ ದಿನಗಳು. ಸೋಮವಾರ ಕೆಂಪುಕೋಟೆಗೆ ರಜೆ. ನ್ಯಾಷನಲ್ ಮ್ಯೂಸಿಯಂ, ಅಕ್ಷರಧಾಮ, ಲೋಟಸ್ ಟೆಂಪಲ್ ಕೂಡ ಸೋಮವಾರ ಮುಚ್ಚಿರುತ್ತವೆ. ಭಾನುವಾರ ಚಾಂದನಿ ಚೌಕದ ಅಂಗಡಿಗಳು ಬಹುತೇಕ ಬಾಗಿಲು ಹಾಕಿರುತ್ತವೆ. ಶುಕ್ರವಾರ ಮಧ್ಯಾಹ್ನ ಜಾಮಾ ಮಸೀದಿಯಲ್ಲಿ ದೊಡ್ಡ ಪ್ರಾರ್ಥನೆ, ನೋಡಲು ಬಂದವರಿಗೆ ಆಗ ಪ್ರವೇಶವಿಲ್ಲ. ಇವನ್ನೆಲ್ಲ ಕಳೆದರೆ ಉಳಿಯುವುದು ವಾರದ ನಡುವಿನ ದಿನಗಳು. ಮಂಗಳವಾರ ಸಂಜೆ ತಲುಪಿ, ಬುಧವಾರ, ಗುರುವಾರ ನೋಡಿ, ಶುಕ್ರವಾರ ಬೆಳಗ್ಗೆ ಹೊರಡುವುದು ನನಗೆ ಯಾವಾಗಲೂ ಸರಿಹೋಗಿದೆ.

ಜನವರಿ 26ರ ಆಚೀಚೆ, ಅದರ ಪೂರ್ವಾಭ್ಯಾಸದ ದಿನಗಳಲ್ಲಿ, ಊರಿನ ನಡುಭಾಗದ ರಸ್ತೆಗಳು ಮುಚ್ಚುತ್ತವೆ. ಆಗಸ್ಟ್ 15ಕ್ಕೆ ಮೊದಲು ಕೆಲವು ದಿನ ಕೆಂಪುಕೋಟೆಗೆ ಸಾರ್ವಜನಿಕರನ್ನು ಬಿಡುವುದಿಲ್ಲ. ಪರೇಡ್ ನೋಡಲೆಂದೇ ಹೋಗುವವರ ಮಾತು ಬೇರೆ. ಉಳಿದವರು ಈ ದಿನಗಳನ್ನು ಬಿಟ್ಟುಬಿಡಿ.

ನಾಲ್ಕು ಜಾಗ ಸಾಕು

‘ಎರಡು ದಿನದಲ್ಲಿ ಹದಿನಾಲ್ಕು ಸ್ಥಳ’ ಅನ್ನುವ ಪ್ಯಾಕೇಜ್ ಬಸ್ಸುಗಳಿವೆ. ಅಪ್ಪ ಅಮ್ಮನ ಜೊತೆ ಹೋದಾಗ ಅಂಥದ್ದೊಂದನ್ನು ಹತ್ತಿದ್ದೆವು. ಒಂದೊಂದು ಕಡೆ ಇಪ್ಪತ್ತು ನಿಮಿಷ. ಊರಿಗೆ ಬಂದ ಮೇಲೆ ಅಮ್ಮನಿಗೆ ನೆನಪಿದ್ದದ್ದು ಬಸ್ಸಿನ ಕಿಟಕಿ ಮಾತ್ರ. ನನಗೆ ಈಗಲೂ ಬೇಜಾರಿದೆ.

ದೆಹಲಿ ಒಂದೇ ಊರಲ್ಲ. ಒಬ್ಬೊಬ್ಬ ದೊರೆ ಒಂದೊಂದು ಜಾಗದಲ್ಲಿ ಹೊಸದಾಗಿ ಕಟ್ಟಿದ ಊರುಗಳು ಒಂದರ ಪಕ್ಕ ಒಂದು ನಿಂತಿವೆ. ಹಾಗಾಗಿ ಕಾಲದ ಕ್ರಮದಲ್ಲೇ ನೋಡಿ. ಮೊದಲು ಮೆಹ್ರೌಲಿಯ ಕುತುಬ್ ಆವರಣ, ಆಮೇಲೆ ಹುಮಾಯೂನನ ಸಮಾಧಿ, ಮಾರನೇ ದಿನ ಷಹಜಹಾನ್ ಕಟ್ಟಿದ ಹಳೇ ದೆಹಲಿ, ಕೊನೆಗೆ ಬ್ರಿಟಿಷರ ಹೊಸದಿಲ್ಲಿ. ಅರ್ಧ ದಿನಕ್ಕೆ ಒಂದು ಜಾಗ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಥೆ ತಾನಾಗಿ ಮುಂದುವರಿಯುತ್ತದೆ.

ಉಳಿಯುವ ಜಾಗ

ಮೆಟ್ರೊ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದು ತಲುಪುವಂಥ ಹೋಟೆಲ್ ಹಿಡಿಯಿರಿ. ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಆಟೋದಲ್ಲಿ ಉಳಿಯುತ್ತದೆ. ಹಳದಿ ಲೈನ್ ಹತ್ತಿರವಿದ್ದರೆ ಒಳ್ಳೆಯದು. ಕುತುಬ್, ಕನ್ನಾಟ್ ಪ್ಲೇಸ್, ಚಾಂದನಿ ಚೌಕ್ ಮೂರೂ ಆ ಒಂದೇ ಲೈನಿನಲ್ಲಿವೆ. ಪಹಾಡ್‌ಗಂಜ್‌ನಲ್ಲಿ ಅಗ್ಗದ ರೂಮುಗಳಿವೆ, ಸ್ಟೇಷನ್ ಎದುರಿಗೇ. ಆದರೆ ಮಕ್ಕಳು, ಹಿರಿಯರ ಜೊತೆ ರಾತ್ರಿ ತಲುಪುವವರಿಗೆ ಆ ಸಂದಿಗಳನ್ನು ನಾನು ಹೇಳುವುದಿಲ್ಲ.

ಬುಕ್ ಮಾಡಿದ ದಿನವೇ ಹೋಟೆಲ್ಲಿಗೆ ಫೋನ್ ಮಾಡಿ ಮಾತಾಡಿ. ನಂಬರ್, ವಿಳಾಸ, ಹತ್ತಿರದ ಮೆಟ್ರೊ ಸ್ಟೇಷನ್, ಎಷ್ಟನೇ ಗೇಟಿನಿಂದ ಹೊರಗೆ ಬರಬೇಕು, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮೊಬೈಲ್ ಚಾರ್ಜ್ ಮುಗಿದರೂ ಹಾಳೆ ಇರುತ್ತದೆ. ಮನೆಮಂದಿ ಪ್ರತಿಯೊಬ್ಬರ ಜೇಬಿನಲ್ಲೂ ಒಂದೊಂದು ಪ್ರತಿ ಇರಲಿ.

ಇಳಿದ ಮೇಲಿನ ಅರ್ಧ ಗಂಟೆ

ಇಡೀ ಪ್ರವಾಸದಲ್ಲಿ ಜಾಸ್ತಿ ಎಚ್ಚರ ಬೇಕಾದ ಹೊತ್ತು ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಮಾನದಲ್ಲಿ ಬಂದು ಟರ್ಮಿನಲ್ 3ರಲ್ಲಿ ಇಳಿದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಅಲ್ಲೇ ಇದೆ. ಸುಮಾರು 20 ನಿಮಿಷದಲ್ಲಿ ನ್ಯೂ ಡೆಲ್ಲಿ ಸ್ಟೇಷನ್. ಟರ್ಮಿನಲ್ 1ರಲ್ಲಿ ಇಳಿದರೆ ಹತ್ತಿರವಿರುವುದು ಮಜೆಂಟಾ ಲೈನ್. ಮೆಟ್ರೊ ರಾತ್ರಿ 11ರ ಹೊತ್ತಿಗೆ ನಿಲ್ಲುತ್ತದೆ, ತಡರಾತ್ರಿ ವಿಮಾನ ಹಿಡಿಯುವಾಗ ನೆನಪಿರಲಿ.

ರೈಲಿನಲ್ಲಿ ಬರುವವರು ಟಿಕೆಟ್ ನೋಡಿಕೊಳ್ಳಿ. ಬೆಂಗಳೂರಿನ ಕರ್ನಾಟಕ ಎಕ್ಸ್‌ಪ್ರೆಸ್ ನಿಲ್ಲುವುದು ನ್ಯೂ ಡೆಲ್ಲಿ ಸ್ಟೇಷನ್ನಿನಲ್ಲಿ. ರಾಜಧಾನಿ ಹೋಗುವುದು ಹಜರತ್ ನಿಜಾಮುದ್ದೀನ್‌ಗೆ. ಎರಡಕ್ಕೂ ನಡುವೆ ಕಿಲೋಮೀಟರ್‌ಗಟ್ಟಲೆ ದೂರ ಇದೆ. ನ್ಯೂ ಡೆಲ್ಲಿ ಸ್ಟೇಷನ್ನಿಗೆ ಎರಡು ಬದಿ. ಒಂದು ಪಹಾಡ್‌ಗಂಜ್ ಬದಿ, ಇನ್ನೊಂದು ಅಜ್ಮೇರಿ ಗೇಟ್ ಬದಿ. ಮೆಟ್ರೊ ಇರುವುದು ಅಜ್ಮೇರಿ ಗೇಟ್ ಬದಿಯಲ್ಲಿ. ಪ್ಲಾಟ್‌ಫಾರಂ ಮೇಲೆಯೇ, ಸೇತುವೆ ಹತ್ತುವ ಮೊದಲೇ, ಯಾವ ಬದಿಗೆ ಹೋಗಬೇಕು ಅಂತ ತೀರ್ಮಾನ ಮಾಡಿ.

ಹೊರಗೆ ಬಂದಾಗ ಈ ಮಾತುಗಳು ಕಿವಿಗೆ ಬೀಳಬಹುದು: ‘ನಿಮ್ಮ ಹೋಟೆಲ್ ಮುಚ್ಚಿದೆ.’ ‘ನಿಮ್ಮ ಟಿಕೆಟ್ ಕ್ಯಾನ್ಸಲ್ ಆಗಿದೆ.’ ‘ಇವತ್ತು ಮೆಟ್ರೊ ಬಂದ್.’ ‘ಬನ್ನಿ, ಸರ್ಕಾರಿ ಟೂರಿಸ್ಟ್ ಆಫೀಸಿಗೆ ಕರ್ಕೊಂಡು ಹೋಗ್ತೀನಿ.’ ನಿಲ್ಲಬೇಡಿ. ವಾದಕ್ಕೂ ಹೋಗಬೇಡಿ. ‘ನಹೀ ಚಾಹಿಯೇ, ಭಯ್ಯಾ’ ಅನ್ನಿ, ನಡೆಯುತ್ತಾ ಇರಿ. ಟಿಕೆಟ್, ಮೊಬೈಲ್ ಎರಡನ್ನೂ ಅವರ ಕೈಗೆ ಕೊಡಬೇಡಿ. ಅನುಮಾನ ಬಂದರೆ ನೀವೇ ಹೋಟೆಲ್ಲಿಗೆ ಫೋನ್ ಮಾಡಿ, ಅವರು ಹಚ್ಚಿ ಕೊಡುವ ಫೋನಿನಲ್ಲಿ ಮಾತಾಡಬೇಡಿ. ಆ ಕಡೆಯಿಂದ ‘ಹೌದು ಸಾರ್, ಹೋಟೆಲ್ ಮುಚ್ಚಿದೆ’ ಅನ್ನುವವನು ಅವರ ಪೈಕಿಯವನೇ. ಕನ್ನಾಟ್ ಪ್ಲೇಸ್ ಸುತ್ತಮುತ್ತ ಸರ್ಕಾರಿ ಹೆಸರಿನ ಬೋರ್ಡ್ ಹಾಕಿದ ಖಾಸಗಿ ಟ್ರಾವೆಲ್ ಆಫೀಸುಗಳು ಎಷ್ಟೋ ಇವೆ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ನಿಜವಾದ ಕಚೇರಿ ಜನಪಥ್ ರಸ್ತೆಯ 88ನೇ ನಂಬರಿನಲ್ಲಿದೆ.

ಟ್ಯಾಕ್ಸಿ, ಆಟೋ ಬೇಕಾದರೆ ಪ್ರೀಪೇಯ್ಡ್ ಬೂತ್ ಅಥವಾ ಆ್ಯಪ್. ಬೂತಿನ ಚೀಟಿಯನ್ನು ಇಳಿಯುವವರೆಗೂ ಡ್ರೈವರ್ ಕೈಗೆ ಕೊಡಬೇಡಿ.

ಸಂಜೆ ಹೊತ್ತಿದ್ದರೆ ಲೋಧಿ ಗಾರ್ಡನ್‌ನಲ್ಲಿ ಒಂದು ಸುತ್ತು ಹಾಕಿ. ಟಿಕೆಟ್ ಇಲ್ಲ. ಹದಿನೈದು, ಹದಿನಾರನೇ ಶತಮಾನದ ಗುಮ್ಮಟಗಳ ಪಕ್ಕ ಊರಿನವರು ವಾಕಿಂಗ್ ಮಾಡುತ್ತಿರುತ್ತಾರೆ. ಪ್ರಯಾಣದ ದಣಿವು ಇಳಿಯುತ್ತದೆ. ಆಗದಿದ್ದರೆ ಸುಮ್ನೆ ಮಲಗಿ.

ಮೊದಲ ದಿನ: ಕುತುಬ್, ಹುಮಾಯೂನ್

ಬೆಳಗ್ಗೆ ಬೇಗ ಹೊರಡಿ. ಹಳದಿ ಲೈನಿನ ಕುತುಬ್ ಮಿನಾರ್ ಸ್ಟೇಷನ್ನಿನಲ್ಲಿ ಇಳಿದರೆ ಸ್ಮಾರಕ ಅಲ್ಲೇ ಇರುವುದಿಲ್ಲ, ಆಟೋದಲ್ಲಿ ಹೋಗಬೇಕು. ಪುರಾತತ್ವ ಇಲಾಖೆಯ ಟಿಕೆಟನ್ನು ಹಿಂದಿನ ರಾತ್ರಿಯೇ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ.

ಎಲ್ಲರೂ ಒಳಗೆ ಬಂದ ಕೂಡಲೇ ಮಿನಾರಿನ ಕಡೆ ಓಡುತ್ತಾರೆ. ನೀವು ಮೊದಲು ಪಕ್ಕದ ಹಳೇ ಮಸೀದಿಯ ಕಂಬಗಳ ಹತ್ತಿರ ಹೋಗಿ. ಒಂದು ಕಂಬದ ಎದುರು ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ. ಸರಪಳಿಯಲ್ಲಿ ತೂಗುವ ಗಂಟೆ, ಹೂಬಳ್ಳಿ, ಅಲ್ಲಲ್ಲಿ ಮುಖ ಒಡೆದ ಚಿಕ್ಕ ಆಕೃತಿಗಳು. ಎತ್ತರ ಸಾಲದೆ ಒಂದು ಕಂಬದ ಮೇಲೆ ಇನ್ನೊಂದನ್ನು ಕೂರಿಸಿದ್ದಾರೆ. ಅದಕ್ಕೇ ಮೇಲಿನ ಕೆತ್ತನೆ ಕೆಳಗಿನದಕ್ಕೆ ಹೊಂದುವುದಿಲ್ಲ. 27 ದೇವಾಲಯಗಳ ಕಲ್ಲು ಬಳಸಿದ್ದಾಗಿ ಪೂರ್ವದ ಬಾಗಿಲಿನ ಶಾಸನವೇ ಹೇಳುತ್ತದೆ. ಬೇಲೂರು, ಹಳೇಬೀಡಿನ ಕಂಬ ನೋಡಿ ಬೆಳೆದ ಕಣ್ಣಿಗೆ ಆ ಕಲ್ಲುಗಳು ತುಂಬ ಹೊತ್ತು ಮಾತಾಡುತ್ತವೆ. ಕಂಬಗಳನ್ನು ಮುಟ್ಟಬೇಡಿ, ಒರಗಬೇಡಿ. ಎಂಟು ನೂರು ವರ್ಷ ಉಳಿದದ್ದು ನಮ್ಮ ಬೆವರಿಗೆ ಸವೆಯಬಾರದು.

ಅಂಗಳದ ನಡುವೆ ಕಬ್ಬಿಣದ ಕಂಬ. ಏಳು ಮೀಟರಿಗಿಂತ ಸ್ವಲ್ಪ ಎತ್ತರ, ತೂಕ ಆರು ಟನ್ನಿಗೂ ಜಾಸ್ತಿ. ಮೇಲಿರುವುದು ಗುಪ್ತರ ಕಾಲದ ಸಂಸ್ಕೃತ ಶಾಸನ. ಸಾವಿರದ ಆರು ನೂರು ವರ್ಷಗಳ ಮಳೆ, ಬಿಸಿಲಿಗೂ ಕಬ್ಬಿಣ ತಿನ್ನಿಸಿಕೊಂಡಿಲ್ಲ. ಅದರಲ್ಲಿರುವ ರಂಜಕದ ಅಂಶದಿಂದ ಮೇಲ್ಮೈಯಲ್ಲಿ ಕಾಪಾಡುವ ತೆಳು ಪದರ ಕಟ್ಟಿದೆ ಎನ್ನುತ್ತಾರೆ ಲೋಹ ತಜ್ಞರು.

ಮಿನಾರ್ ಸುಮಾರು 73 ಮೀಟರ್. ಕುತುಬುದ್ದೀನ್ ಐಬಕ್ ಶುರು ಮಾಡಿದ್ದು, ಅಳಿಯ ಇಲ್ತುತ್‌ಮಿಶ್ ಮುಂದುವರಿಸಿದ್ದು. ಕೆಳಗಿನ ಮೂರು ಅಂತಸ್ತು ಕೆಂಪು ಕಲ್ಲು, ಮೇಲಿನ ಎರಡರಲ್ಲಿ ಬಿಳಿ ಅಮೃತಶಿಲೆ ಕಾಣುತ್ತದೆ. ಸಿಡಿಲು ಬಡಿದು ತುದಿ ಹಾಳಾದ ಮೇಲೆ ಫಿರೋಜ್ ಷಾ ತುಘಲಕ್ 1368ರಲ್ಲಿ ದುರಸ್ತಿ ಮಾಡಿಸಿದ ಭಾಗ ಅದು. ಒಳಗೆ ಹತ್ತಲು ಬಿಡುವುದಿಲ್ಲ. 1981ರ ಡಿಸೆಂಬರಿನಲ್ಲಿ ಒಳಗಿನ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 45 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ‘ಹಣ ಕೊಟ್ಟರೆ ಹತ್ತಿಸುತ್ತೇನೆ’ ಅನ್ನುವವರು ಸಿಕ್ಕರೆ ಅದು ಸುಳ್ಳು.

ಪಕ್ಕದಲ್ಲೇ ಅಲಾವುದ್ದೀನ್ ಖಿಲ್ಜಿ 1311ರಲ್ಲಿ ಕಟ್ಟಿಸಿದ ಅಲಾಯಿ ದರ್ವಾಜಾ. ಆ ವರ್ಷವೇ ಅವನ ದಂಡನಾಯಕ ಮಲಿಕ್ ಕಾಫೂರ್ ದ್ವಾರಸಮುದ್ರದ ಮೇಲೆ ದಂಡೆತ್ತಿ ಬಂದದ್ದು, ಮೂರನೇ ಬಲ್ಲಾಳನಿಂದ ಕಪ್ಪ ತೆಗೆದುಕೊಂಡು ಹೋದದ್ದು. ಶಾಲೆಯಲ್ಲಿ ಓದಿದ ಒಂದು ಸಾಲು ಆ ಬಾಗಿಲಿನ ಕೆಳಗೆ ನಿಂತಾಗ ನನಗೆ ಮೊದಲ ಸಲ ಮೈಗೆ ತಾಗಿತು. ನಮ್ಮ ಊರಿನ ಕಥೆಯ ಇನ್ನೊಂದು ತುದಿ ಇಲ್ಲಿದೆ.

ಎರಡೂವರೆ ಗಂಟೆ ಬೇಕು. ಊಟ ಮುಗಿಸಿ ಮತ್ತೆ ಹಳದಿ ಲೈನ್ ಹಿಡಿದು ಸೆಂಟ್ರಲ್ ಸೆಕ್ರೆಟರಿಯೇಟ್‌ನಲ್ಲಿ ನೇರಳೆ ಲೈನಿಗೆ ಬದಲಾಯಿಸಿ. ಜೆಎಲ್‌ಎನ್ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದರೆ ಹುಮಾಯೂನನ ಸಮಾಧಿ. ಮಧ್ಯಾಹ್ನ ಮೂರರ ಮೇಲೆ ತಲುಪಿ. ಬಿಸಿಲು ಓರೆಯಾದಷ್ಟೂ ಕೆಂಪು ಕಲ್ಲು ಚೆನ್ನಾಗಿ ಕಾಣುತ್ತದೆ.

ಹುಮಾಯೂನ್ 1556ರಲ್ಲಿ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಅವನ ಹೆಂಡತಿ ಹಾಜಿ ಬೇಗಂ ಇದನ್ನು ಕಟ್ಟಿಸಿದಳು. ತಾಜ್‌ಮಹಲ್‌ಗಿಂತ ಎಷ್ಟೋ ಮೊದಲಿನದು. 1857ರ ಸೆಪ್ಟೆಂಬರಿನಲ್ಲಿ ಕೊನೆಯ ಮೊಘಲ ದೊರೆ ಬಹದ್ದೂರ್ ಷಾ ಜಫರ್ ಅಡಗಿದ್ದು ಇಲ್ಲೇ, ಬ್ರಿಟಿಷರ ಕೈಗೆ ಸಿಕ್ಕಿದ್ದೂ ಇಲ್ಲೇ. ಮೇಲಿನ ಜಗತಿಗೆ ಹತ್ತುವ ಮೆಟ್ಟಿಲುಗಳು ಕಡಿದು, ಒಂದೊಂದೂ ಎತ್ತರ. ಮಂಡಿನೋವು ಇರುವವರು ತೋಟದಲ್ಲೇ ಕೂತುಕೊಳ್ಳಬಹುದು, ಅಲ್ಲಿಂದಲೂ ಕಟ್ಟಡ ತುಂಬ ಚೆಂದ. ದಾರಿಯಲ್ಲೇ ಬಲಕ್ಕೆ ಸಿಗುವ ಈಸಾ ಖಾನ್ ಸಮಾಧಿಯನ್ನು ತಪ್ಪಿಸಬೇಡಿ.

ಎರಡನೇ ದಿನ: ಹಳೇ ದೆಹಲಿ, ಹೊಸದಿಲ್ಲಿ

ನೇರಳೆ ಲೈನಿನ ಲಾಲ್ ಕಿಲಾ ಸ್ಟೇಷನ್. ಕೆಂಪುಕೋಟೆಯ ಬಾಗಿಲು ತೆರೆಯುವ ಹೊತ್ತಿಗೆ, 9:30ರ ಒಳಗೆ, ಅಲ್ಲಿರಿ. ತಪಾಸಣೆ ಬಿಗಿ ಇರುತ್ತದೆ, ದೊಡ್ಡ ಬ್ಯಾಗು ಹೋಟೆಲ್ಲಿನಲ್ಲೇ ಬಿಡಿ. ಆಧಾರ್ ಅಥವಾ ಇನ್ನೊಂದು ಗುರುತಿನ ಚೀಟಿ ಜೇಬಿನಲ್ಲಿರಲಿ.

ಷಹಜಹಾನ್ ಆಗ್ರಾದಿಂದ ರಾಜಧಾನಿ ಬದಲಾಯಿಸಿ ಕಟ್ಟಿಸಿದ ಕೋಟೆ, ಮುಗಿದದ್ದು 1648ರಲ್ಲಿ. ಒಳಗೆ ಹೋದರೆ ಅರಮನೆಗಳಿಗಿಂತ ಮೊದಲು ಕಣ್ಣಿಗೆ ಹೊಡೆಯುವುದು ಬ್ರಿಟಿಷ್ ಸೈನಿಕರ ದೊಡ್ಡ ಬ್ಯಾರಕ್‌ಗಳು. 1857ರ ನಂತರ ಅವರು ಒಳಗಿನ ಎಷ್ಟೋ ಕಟ್ಟಡ ಕೆಡವಿ ಇವನ್ನು ಎಬ್ಬಿಸಿದರು. ದಿವಾನ್-ಎ-ಖಾಸ್‌ನಲ್ಲಿ 1858ರಲ್ಲಿ ಜಫರನ ವಿಚಾರಣೆ ನಡೆಯಿತು. ಸಿಂಹಾಸನವಿದ್ದ ಸಭಾಂಗಣದಲ್ಲೇ ದೊರೆಯನ್ನು ಆರೋಪಿಯಾಗಿ ಕೂರಿಸಿದ್ದರು. ನೇತಾಜಿಯ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ ಇದೇ ಕೋಟೆಯಲ್ಲಿ. ನೆಹರೂ ಇಲ್ಲಿ ಬಾವುಟ ಹಾರಿಸಿದ್ದು 1947ರ ಆಗಸ್ಟ್ 16ರಂದು.

ಹೊರಗೆ ಬಂದರೆ ಎದುರಿಗೇ ಚಾಂದನಿ ಚೌಕ್. ಷಹಜಹಾನನ ಮಗಳು ಜಹನಾರಾ ಮಾಡಿಸಿದ ಪೇಟೆ. 2021ರಿಂದ ಕೋಟೆಯಿಂದ ಫತೇಪುರಿ ಮಸೀದಿವರೆಗಿನ ಮುಖ್ಯ ರಸ್ತೆಯಲ್ಲಿ ಹಗಲು ಹೊತ್ತು ಕಾರು, ಬೈಕು ಬಿಡುವುದಿಲ್ಲ. ನಡೆಯಬಹುದು. ಆದರೆ ಜೇಬುಗಳ್ಳರ ಜಾಗವೂ ಇದೇ. ಪರ್ಸ್ ಮುಂದಿನ ಜೇಬಿಗೆ, ಬ್ಯಾಗು ಎದೆಯ ಮೇಲೆ. ರಸ್ತೆ ನಡುವೆ ನಿಂತು ಮೊಬೈಲ್‌ನಲ್ಲಿ ಮ್ಯಾಪ್ ತೆರೆಯಬೇಡಿ, ಅಂಗಡಿಯೊಂದರ ಒಳಗೆ ಹೋಗಿ ನೋಡಿ. ಮಕ್ಕಳ ಜೊತೆ ಹೋದರೆ ‘ತಪ್ಪಿಸಿಕೊಂಡರೆ ಇಲ್ಲಿ ಬಂದು ನಿಲ್ಲು’ ಅಂತ ಒಂದು ಗುರುತು ಮೊದಲೇ ತೋರಿಸಿ. ಸೀಸ್‌ಗಂಜ್ ಗುರುದ್ವಾರದ ಬಾಗಿಲು ಅದಕ್ಕೆ ಒಳ್ಳೆಯ ಜಾಗ, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಸೈಕಲ್ ರಿಕ್ಷಾ ಹತ್ತುವ ಮೊದಲು ಬಾಡಿಗೆ ಒಬ್ಬರಿಗಾ, ಎಲ್ಲರಿಗೂ ಸೇರಿನಾ ಅಂತ ಕೇಳಿ. ಇಳಿಯುವಾಗ ಜಗಳ ಬರುವುದೇ ಅಲ್ಲಿ. ತಿಂಡಿಗೆ ಜನ ತುಂಬಿದ ಅಂಗಡಿ ಹಿಡಿಯಿರಿ, ಎದುರಿಗೇ ಬಾಣಲೆಯಿಂದ ತೆಗೆದುಕೊಟ್ಟ ಬಿಸಿ ಪದಾರ್ಥ ತಿನ್ನಿ. ಕತ್ತರಿಸಿಟ್ಟ ಹಣ್ಣು, ಬಿಡಿ ನೀರು ಬೇಡ. ಬಾಟಲಿಯ ಮುಚ್ಚಳದ ಸೀಲ್ ನೀವೇ ಒಡೆಯಬೇಕು.

ಜಾಮಾ ಮಸೀದಿಗೆ ಹೋಗುವಾಗ ಭುಜ, ಕಾಲು ಮುಚ್ಚುವ ಬಟ್ಟೆ ಇರಲಿ. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಕಾಯಬೇಕು. ಚಪ್ಪಲಿ ಇಡಲು ಬಟ್ಟೆಚೀಲ ಒಂದು ಜೊತೆಗಿದ್ದರೆ ಒಳ್ಳೆಯದು, ಕೈಯಲ್ಲೇ ಹಿಡಿದುಕೊಳ್ಳಬಹುದು.

ಸಂಜೆ ಅದೇ ನೇರಳೆ ಲೈನಿನಲ್ಲಿ ಸೆಂಟ್ರಲ್ ಸೆಕ್ರೆಟರಿಯೇಟ್‌ಗೆ ಬನ್ನಿ. ಕರ್ತವ್ಯ ಪಥದಲ್ಲಿ ಇಂಡಿಯಾ ಗೇಟ್‌ವರೆಗೆ ನಡೆಯಿರಿ. ರಾಜಧಾನಿಯನ್ನು ಕಲ್ಕತ್ತಾದಿಂದ ಇಲ್ಲಿಗೆ ತರುವುದಾಗಿ ಬ್ರಿಟಿಷರು ಸಾರಿದ್ದು 1911ರಲ್ಲಿ, ಹೊಸ ಊರು ಉದ್ಘಾಟನೆ ಆದದ್ದು 1931ರಲ್ಲಿ. ಹದಿನಾರು ವರ್ಷಕ್ಕೆ ಅವರೇ ಬಿಟ್ಟು ಹೋದರು. ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಯೋಧರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ನಮ್ಮ ಕಡೆಯ ಹೆಸರುಗಳೂ ಸಿಗುತ್ತವೆ, ನಿಧಾನವಾಗಿ ಓದಿ.

ಓಡಾಟ ಮತ್ತು ತುರ್ತು ಹೊತ್ತು

ಮೆಟ್ರೊಗೆ ಸ್ಮಾರ್ಟ್ ಕಾರ್ಡ್ ಅಥವಾ ಮೊಬೈಲ್ ಕ್ಯೂಆರ್ ಟಿಕೆಟ್ ತೆಗೆಯಿರಿ. ಮೊದಲ ಬೋಗಿ ಹೆಂಗಸರಿಗೆ ಮೀಸಲು, ಪ್ಲಾಟ್‌ಫಾರಂ ಮೇಲೆ ಗುಲಾಬಿ ಬಣ್ಣದ ಗುರುತು ಇರುತ್ತದೆ. ಗಂಡಸರು ಗಡಿಬಿಡಿಯಲ್ಲಿ ಅದರಲ್ಲಿ ಹತ್ತಬೇಡಿ. ರಾಜೀವ್ ಚೌಕ್, ಕಾಶ್ಮೀರಿ ಗೇಟ್ ಸ್ಟೇಷನ್ನುಗಳಲ್ಲಿ ಸಂಜೆ ವಿಪರೀತ ಜನ. ಹಿರಿಯರಿದ್ದರೆ ಐದರ ಒಳಗೆ ಅಥವಾ ಎಂಟರ ಮೇಲೆ ಓಡಾಡಿ.

ಎಲ್ಲಾ ಹಣ ಒಂದೇ ಕಡೆ ಇಡಬೇಡಿ. ಆಟೋ, ನೀರು, ಚಹಾಕ್ಕೆ ಹತ್ತು, ಇಪ್ಪತ್ತರ ನೋಟುಗಳು ಬೇರೆ ಜೇಬಿನಲ್ಲಿರಲಿ. ರಾತ್ರಿ ಆ್ಯಪ್ ಗಾಡಿ ಹತ್ತಿದರೆ ನಂಬರ್ ಹೊಂದಿಸಿ ನೋಡಿ, ಪ್ರಯಾಣದ ಲಿಂಕನ್ನು ಮನೆಯವರಿಗೆ ಕಳಿಸಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ, ಕೇಳುವುದರಲ್ಲಿ ಸಂಕೋಚ ಏನಿಲ್ಲ ಅಲ್ವಾ?

ಆ ಹಾಳೆಯ ಹಿಂಬದಿಯಲ್ಲಿ ಈ ನಂಬರುಗಳನ್ನೂ ಬರೆದುಕೊಳ್ಳಿ. ಯಾವುದೇ ತುರ್ತಿಗೆ 112. ಪ್ರವಾಸಿಗರ ಸಹಾಯವಾಣಿ 1363. ಹೆಂಗಸರಿಗೆ 181. ರೈಲಿನಲ್ಲಿ ತೊಂದರೆಯಾದರೆ 139. ಯುಪಿಐನಲ್ಲಿ ಮೋಸ ಆಯಿತು ಅನಿಸಿದ ಕ್ಷಣವೇ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಹೊರಡುವ ಹಿಂದಿನ ರಾತ್ರಿ ಟಿಕೆಟ್ ತೆಗೆದು ಸ್ಟೇಷನ್ ಹೆಸರು ಜೋರಾಗಿ ಓದಿ. ನ್ಯೂ ಡೆಲ್ಲಿ, ಹಳೇ ದೆಹಲಿ ಜಂಕ್ಷನ್, ಹಜರತ್ ನಿಜಾಮುದ್ದೀನ್, ಆನಂದ್ ವಿಹಾರ್ ಎಲ್ಲವೂ ಬೇರೆ ಬೇರೆ ಸ್ಟೇಷನ್ನುಗಳು. ವಿಮಾನವಾದರೆ ಟರ್ಮಿನಲ್ ನಂಬರ್ ನೋಡಿ. ಟರ್ಮಿನಲ್ 1 ಮತ್ತು 3 ದೂರ ದೂರ ಇವೆ, ಒಂದರ ಬಾಗಿಲಿಗೆ ಹೋಗಿ ಇನ್ನೊಂದಕ್ಕೆ ನಡೆದು ಹೋಗಲು ಆಗುವುದಿಲ್ಲ. ಆಟೋದವರಿಗೆ ಬರೀ ‘ಸ್ಟೇಷನ್’, ‘ಏರ್‌ಪೋರ್ಟ್’ ಅನ್ನಬೇಡಿ, ಪೂರ್ತಿ ಹೆಸರು ಹೇಳಿ, ಯಾವ ಗೇಟ್ ಅನ್ನುವುದನ್ನೂ ಸೇರಿಸಿ.